ಊರಬಾವಿಯ ಹೂಳು ಎತ್ತಿದ್ದೇವೆ. ಇನ್ನು ಆ ನೀರನ್ನು ಕಾಯುವ ಕಟ್ಟಳೆ ಹೇಗಿರಬೇಕು?

ಮಾಂಜ್ರಾ ದಂಡೆ (ಬೀದರ್ ತಾಲ್ಲೂಕು)
ಎಲ್ಲರಿಗೂ ಶರಣು ಶರಣಾರ್ಥಿ. ನಮ್ಮ ಊರು ಬೀದರಿನ ಕೆಂಪು ಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಮೇಲೆ ಗುಡ್ಡ, ಕೆಳಗೆ ಎರೆ ಹೊಲಗಳು, ಅವೆರಡೂ ಕೂಡುವ ಜಾಗದಲ್ಲಿ ಹಳೆಯ ಮೆಟ್ಟಿಲುಬಾವಿ. ಊರಿಗೆ ನಲ್ಲಿ ಬಂದ ಮೇಲೆ ಆ ಬಾವಿಯ ಕಡೆ ಯಾರೂ ತಲೆಹಾಕಿರಲಿಲ್ಲ. ಈ ಬೇಸಿಗೆಯಲ್ಲಿ ನಲ್ಲಿಗೆ ನೀರು ಕೊಡುವ ಕೊಳವೆಬಾವಿಯೇ ಕೈಕೊಟ್ಟಾಗ ಊರಿನ ಹುಡುಗರೂ ಹಿರಿಯರೂ ಸೇರಿ ಅದರ ಹೂಳೆತ್ತಿದರು. ಗೊಬ್ಬರದ ಖಾಲಿ ಚೀಲ, ಒಡೆದ ಮೂರ್ತಿಗಳು, ಕೊಳೆತ ಹೂಮಾಲೆಗಳ ರಾಶಿಯನ್ನೆಲ್ಲ ತೆಗೆದ ನಂತರ ಪಶ್ಚಿಮದ ಗೋಡೆಯ ಬುಡದಲ್ಲಿ, ಕೆಂಪು ಕಲ್ಲು ಮುಗಿದು ಕರಿಕಲ್ಲು ಆರಂಭವಾಗುವ ಸಂದಿನಿಂದ, ಬೆರಳುಗಾತ್ರದ ಸೆಲೆ ಹರಿದುಬಂತು. ಅದರ ಕೆಳಗೆ 15 ಲೀಟರಿನ ಬಕೆಟ್ ಇಟ್ಟರೆ ಸುಮಾರು ಒಂದೂವರೆ ನಿಮಿಷದಲ್ಲಿ ತುಂಬುತ್ತದೆ.

ತೊಡಕು ಆರಂಭವಾಗಿರುವುದು ಈಗ. ಬಾವಿಯ ಪಕ್ಕದ ಹೊಲದವರು ಮೋಟಾರು ಇಡುತ್ತೇವೆ ಎನ್ನುತ್ತಿದ್ದಾರೆ. ಗುಡ್ಡದ ಮೇಲಿನ ಇನ್ನೊಬ್ಬರು ಹೊಸ ಕೊಳವೆಬಾವಿಗೆ ಪಾಯಿಂಟ್ ನೋಡಿಸಿದ್ದಾರೆ. ಬಾವಿ ಎಲ್ಲರದ್ದು ಎಂದು ಹೂಳೆತ್ತುವಾಗ ಹೇಳಿದವರೇ ಈಗ ಸುಮ್ಮನಿದ್ದಾರೆ. ಇಂಥ ಸಂದರ್ಭದಲ್ಲಿ ನಿಮ್ಮ ಊರುಗಳಲ್ಲಿ ಏನು ಮಾಡಿದ್ದೀರಿ? ಕಟ್ಟಳೆಯನ್ನು ಯಾರು ಮಾಡಬೇಕು, ಮುರಿದವರನ್ನು ಕೇಳುವವರು ಯಾರು?

ನೌಬಾದ್ ನಿವಾಸಿ
ಮೊದಲು ಆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಊರಿಗೆಲ್ಲ ತಿಳಿಸಿ ಹೇಳಿ. ಅದು ತಿಳಿಯದೆ ಕಟ್ಟಳೆ ನಿಲ್ಲುವುದಿಲ್ಲ. ನಮ್ಮ ಕೆಂಪು ಕಲ್ಲು ರಂಧ್ರಮಯವಾದುದು, ಮಳೆಯ ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ. ಅದರ ಕೆಳಗಿನ ಕರಿಕಲ್ಲಿನ ಪದರ ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಹೀಗಾಗಿ ಇಂಗಿದ ನೀರು ಎರಡೂ ಪದರಗಳ ನಡುವೆ ಅಡ್ಡಲಾಗಿ ಸರಿದು ಗುಡ್ಡದ ಅಂಚಿನಲ್ಲಿ ಹೊರಬರುತ್ತದೆ. ಗುರುನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶ ಇವೆಲ್ಲಕ್ಕೂ ಹಿನ್ನೆಲೆ ಇದೇ. ನಿಮ್ಮ ಸೆಲೆಯೂ ಅದೇ ಬಗೆಯದು ಎಂದು ನೀವು ಬರೆದ ಸಂದಿನ ವಿವರದಿಂದಲೇ ಗೊತ್ತಾಗುತ್ತದೆ.

15ನೇ ಶತಮಾನದ ಬಹಮನಿ ಕಾಲದಲ್ಲಿ ನೌಬಾದಿನಲ್ಲಿ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗ ಕೊರೆದವರು ಈ ಗುಟ್ಟನ್ನು ಚೆನ್ನಾಗಿ ಬಲ್ಲವರಾಗಿದ್ದರು. ತಾಯಿಬಾವಿಯಿಂದ ನೆಲದೊಳಗೆ ಅತ್ಯಲ್ಪ ಇಳಿಜಾರಿನ ಸುರಂಗ, ಅಲ್ಲಲ್ಲಿ ಗಾಳಿ ಬೆಳಕಿಗೆ ಬಾವಿಯಂಥ ಕಂಡಿಗಳು. ಪಂಪು ಇಲ್ಲ, ಏತ ಇಲ್ಲ, ನೀರು ತಾನಾಗಿಯೇ ಹರಿದು ಬರುತ್ತಿತ್ತು. ಆ ವ್ಯವಸ್ಥೆಯ ಗುಣವೇನೆಂದರೆ, ಭೂಮಿ ಎಷ್ಟು ಕೊಡುತ್ತದೆಯೋ ಅಷ್ಟನ್ನು ಮಾತ್ರ ಪಡೆಯಲು ಸಾಧ್ಯ. ಹೆಚ್ಚು ಸೆಳೆಯುವ ದಾರಿಯೇ ಅದರಲ್ಲಿಲ್ಲ. ಗುಡ್ಡದ ಮೇಲೆ ಕೊಳವೆಬಾವಿ ಕೊರೆದರೆ ಅದು ಇದೇ ನೀರಿಗೆ ಮೇಲಿನಿಂದ ಹಾಕಿದ ತೂತು. ಕೆಳಗಿನ ಸೆಲೆ ನಿಂತಾಗ ಯಾರನ್ನು ಬೈದೂ ಪ್ರಯೋಜನವಿಲ್ಲ.

ತೊಗರಿ ಹೊಲ (ಜೇವರ್ಗಿ)
ಹೂಳೆತ್ತುವುದು ಸುಲಭ, ಬಾಯಿ ಕಟ್ಟುವುದು ಕಷ್ಟ. ಮುಂದಿನದನ್ನು ಓದಲು ಕಾದಿದ್ದೇನೆ.

ನಿವೃತ್ತ ಎಂಜಿನಿಯರ್, ಕಲಬುರಗಿ
ನೀವು ಕೊಟ್ಟ ಬಕೆಟ್ಟಿನ ಲೆಕ್ಕವೇ ಈ ಚರ್ಚೆಯಲ್ಲಿ ಅತ್ಯಂತ ಉಪಯುಕ್ತವಾದ ಮಾಹಿತಿ, ಅದಕ್ಕಾಗಿ ಅಭಿನಂದನೆಗಳು. ಒಂದೂವರೆ ನಿಮಿಷಕ್ಕೆ 15 ಲೀಟರ್ ಎಂದರೆ ನಿಮಿಷಕ್ಕೆ 10 ಲೀಟರ್, ದಿನಕ್ಕೆ 14,400 ಲೀಟರ್. ಜಲ ಜೀವನ ಮಿಷನ್ನಿನ ಮಾನದಂಡ ಒಬ್ಬರಿಗೆ ದಿನಕ್ಕೆ 55 ಲೀಟರ್. ಆ ಲೆಕ್ಕದಲ್ಲಿ ಈ ಒಂದು ಸೆಲೆ ಸುಮಾರು 260 ಜನರಿಗೆ ಸಾಕು. ಕುಡಿಯಲು ಮತ್ತು ಅಡುಗೆಗೆ ಮಾತ್ರ ಎಂದು ಹಿಡಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಜನರಿಗೆ ಸಾಲುತ್ತದೆ.

ಈಗ ಇನ್ನೊಂದು ಮಗ್ಗುಲು ನೋಡಿ. ತೆರೆದ ಬಾವಿಗೆ ಇಡುವ 5 ಎಚ್‌ಪಿ ಮೋಟಾರು ಗಂಟೆಗೆ 30 ಸಾವಿರ ಲೀಟರಿನಷ್ಟು ನೀರನ್ನು ಎತ್ತಬಲ್ಲದು. ಅಂದರೆ ಇಡೀ ದಿನ ಊರಿಗಾಗಿ ಸೇರಿದ ನೀರನ್ನು ಒಂದು ಮೋಟಾರು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಗ್ರಾಮಸಭೆಯಲ್ಲಿ ಬೇರೆ ಭಾಷಣ ಬೇಡ. ಈ ಎರಡು ಲೆಕ್ಕಗಳನ್ನು ಶಾಲೆಯ ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆದಿಡಿ.

ಭಾಲ್ಕಿ ಕಬ್ಬು ಬೆಳೆಗಾರ
ಎಂಜಿನಿಯರ್ ಸಾಹೇಬರು ಲೆಕ್ಕ ಹಾಕಿದ್ದು ಸರಿ, ಆದರೆ ಮೋಟಾರು ಇಡುವವರೆಲ್ಲ ಊರಿನ ವೈರಿಗಳು ಎಂಬ ಧ್ವನಿ ನನಗೆ ಒಪ್ಪಿಗೆಯಿಲ್ಲ. ಹೊಲದವನಿಗೂ ಸಾಲವಿದೆ, ಮಕ್ಕಳ ಓದಿದೆ. ತೊಗರಿಗೆ ನೆಟೆ ರೋಗ ಬಿದ್ದರೆ ಒಂದೇ ವಾರದಲ್ಲಿ ಹೊಲ ಒಣಗುತ್ತದೆ. 2022ರಲ್ಲಿ ಕಲಬುರಗಿ ಜಿಲ್ಲೆಯ ರೈತರು ಅನುಭವಿಸಿದ್ದನ್ನು ಎಲ್ಲರೂ ಕಂಡಿದ್ದೇವೆ. ಕಬ್ಬಿಗೆ ಕಾರ್ಖಾನೆ ಹತ್ತಿರವಿದೆ, ಹಣ ತಡವಾದರೂ ಬರುತ್ತದೆ. ಅವನಿಗೆ ನೀರಿನ ಇನ್ನೊಂದು ದಾರಿ ತೋರಿಸದೆ ಬರಿಯ ನಿರ್ಬಂಧ ಹೇರಿದರೆ ರಾತ್ರಿ ಕದ್ದು ಮೋಟಾರು ಚಾಲು ಮಾಡುತ್ತಾನೆ.

ನಿವೃತ್ತ ಎಂಜಿನಿಯರ್, ಕಲಬುರಗಿ
ರೈತರನ್ನು ವೈರಿಗಳೆಂದು ನಾನು ಭಾವಿಸಿಲ್ಲ. ಆದರೂ ಕಬ್ಬಿನ ಲೆಕ್ಕವನ್ನು ಹೇಳಲೇಬೇಕಾಗುತ್ತದೆ. ಒಂದು ಎಕರೆಯ ಮೇಲೆ 1 ಮಿ.ಮೀ. ನೀರು ನಿಂತರೆ ಅದು ಸುಮಾರು 4,047 ಲೀಟರ್. ಕಬ್ಬು ತನ್ನ ಅವಧಿಯಲ್ಲಿ 1,500ರಿಂದ 2,500 ಮಿ.ಮೀ. ನೀರು ಬೇಡುತ್ತದೆ; ಕಡಿಮೆಯದನ್ನೇ ಹಿಡಿದರೂ ಎಕರೆಗೆ 60 ಲಕ್ಷ ಲೀಟರ್ ಆಯಿತು. ಈ ಸೆಲೆ ಇಡೀ ವರ್ಷ ಇದೇ ವೇಗದಲ್ಲಿ ಹರಿದರೂ ಕೊಡುವುದು ಸುಮಾರು 52 ಲಕ್ಷ ಲೀಟರ್. ಜೋಳಕ್ಕೆ 450ರಿಂದ 650 ಮಿ.ಮೀ. ಸಾಕು.

ಭಾಲ್ಕಿ ಕಬ್ಬು ಬೆಳೆಗಾರ
ಮಳೆಯ ನೀರನ್ನು ಕಳೆಯಲೇ ಇಲ್ಲವಲ್ಲ, ಸರ್? ಅರ್ಧದಷ್ಟನ್ನು ಮಳೆಯೇ ಕೊಡುತ್ತದೆ. ಹನಿ ನೀರಾವರಿ ಹಾಕಿದರೆ ಇನ್ನೂ ಉಳಿತಾಯವಾಗುತ್ತದೆ.

ನಿವೃತ್ತ ಎಂಜಿನಿಯರ್, ಕಲಬುರಗಿ
ನಿಮ್ಮ ಆಕ್ಷೇಪಣೆ ನ್ಯಾಯವಾದುದು. ಮಳೆಯನ್ನೂ ಹನಿ ನೀರಾವರಿಯನ್ನೂ ಲೆಕ್ಕಕ್ಕೆ ತಂದರೆ ಬಾವಿಯ ಮೇಲಿನ ಹೊರೆ ಬಹಳಷ್ಟು ಇಳಿಯುತ್ತದೆ. ಆದರೆ ನಮ್ಮ ಮಳೆ ಬಹುಪಾಲು ಜೂನಿನಿಂದ ಅಕ್ಟೋಬರಿನೊಳಗೆ ಮುಗಿಯುತ್ತದೆ. ಕಬ್ಬು ಮಾರ್ಚಿನಿಂದ ಮೇವರೆಗೆ ಬಾಯಾರುತ್ತದೆ, ಸೆಲೆ ಸಣ್ಣದಾಗುವುದೂ ಆಗಲೇ, ಊರಿನ ಕೊಡಗಳು ಸಾಲು ನಿಲ್ಲುವುದೂ ಆಗಲೇ. ಜಗಳವಿರುವುದು ಆ ಮೂರು ತಿಂಗಳ ನೀರಿನ ಮೇಲೆ.

ಪಂಚಾಯತಿ ಮಾಜಿ ಸದಸ್ಯೆ, ಹುಮನಾಬಾದ್
ಕಾನೂನಿನ ವಿಷಯವನ್ನು ಇನ್ನೂ ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕುಡಿಯುವ ನೀರಿನ ಮೂಲಗಳ ಸಂರಕ್ಷಣೆಗೆಂದು ನಮ್ಮ ರಾಜ್ಯದಲ್ಲಿ 1999ರಲ್ಲಿಯೇ ಅಂತರ್ಜಲ ಅಧಿನಿಯಮ ಬಂದಿದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಹೊಸ ಬಾವಿ ತೋಡುವಂತಿಲ್ಲ ಎಂದು ಅದು ಹೇಳುತ್ತದೆ. ಕೊಳವೆಬಾವಿಯೂ ಇದರಲ್ಲಿ ಸೇರಿದೆ. ಗುಡ್ಡದ ಮೇಲಿನ ಪಾಯಿಂಟ್ ಎಷ್ಟು ದೂರದಲ್ಲಿದೆ ಎಂದು ಮೊದಲು ಅಳೆಯಿರಿ.

ಆದರೆ ಒಂದು ಎಚ್ಚರಿಕೆ ಇದೆ. ನಿಮ್ಮ ಬಾವಿ ಪಾಳುಬಿದ್ದಿತ್ತು. ಪಂಚಾಯತಿಯ ದಾಖಲೆಯಲ್ಲಿ ಅದು ಕುಡಿಯುವ ನೀರಿನ ಮೂಲ ಎಂದು ಉಳಿದಿಲ್ಲದಿದ್ದರೆ ಕಾನೂನಿನ ಆಸರೆ ನಿಮಗೆ ಸಿಗುವುದು ಕಷ್ಟ. ಆದ್ದರಿಂದ ಗ್ರಾಮಸಭೆ ಕರೆಸಿ, ಇದು ಊರಿನ ಕುಡಿಯುವ ನೀರಿನ ಮೂಲ ಎಂದು ನಿರ್ಣಯ ಬರೆಸಿ, ನಡಾವಳಿಯ ಪ್ರತಿಯನ್ನು ಕೈಗೆ ತೆಗೆದುಕೊಳ್ಳಿ. ಬಾಯಿಮಾತಿನ ಒಪ್ಪಂದ ಮುಂದಿನ ಪಂಚಾಯತಿ ಚುನಾವಣೆಯವರೆಗೂ ಬಾಳುವುದಿಲ್ಲ.

ಚಿಂಚೋಳಿ ಯುವಕ
ನಲ್ಲಿ ಬಂದಿರುವಾಗ ಬಾವಿಗಾಗಿ ಇಷ್ಟೆಲ್ಲ ಹೋರಾಟ ಅಗತ್ಯವೇ? ಸರ್ಕಾರದಿಂದ ಇನ್ನೊಂದು ಕೊಳವೆಬಾವಿ ಕೇಳಿ ಪಡೆಯುವುದು ಸುಲಭವಲ್ಲವೇ?

ನೌಬಾದ್ ನಿವಾಸಿ
ತಮ್ಮಾ, ನಲ್ಲಿ ನೀರನ್ನು ತಾನೇ ಹುಟ್ಟಿಸುವುದಿಲ್ಲ. ಅದರ ಹಿಂದೆ ಒಂದು ಮೂಲ ಇರಲೇಬೇಕು. ಮನೆಮನೆಗೆ ಗಂಗೆ ಬಂದ ಅನೇಕ ಊರುಗಳಲ್ಲಿ ಆ ಮೂಲ ಒಂದೇ ಒಂದು ಕೊಳವೆಬಾವಿ. ಅದು ಬತ್ತಿದರೆ, ಮೋಟಾರು ಸುಟ್ಟರೆ, ಕರೆಂಟು ಹೋದರೆ ಇಡೀ ಊರಿನ ನಲ್ಲಿಗಳು ಏಕಕಾಲಕ್ಕೆ ಒಣಗುತ್ತವೆ. 2016ರ ಏಪ್ರಿಲಿನಲ್ಲಿ ನಮ್ಮ ನೆರೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತರಬೇಕಾಯಿತು. ಲಾತೂರು ಕುಡಿಯುವುದೂ ಮಾಂಜ್ರಾ ನೀರನ್ನೇ, ನಾವು ಕುಡಿಯುವುದೂ ಅದೇ ನದಿಯದು. ಅಷ್ಟು ದೊಡ್ಡ ಪಟ್ಟಣಕ್ಕೆ ಒಂದು ಆಸರೆ ತಪ್ಪಿದಾಗ ಎರಡನೆಯದು ಇರಲಿಲ್ಲ. ಹಳ್ಳಿಗೆ ಎರಡನೆಯದು ಇದೆ ಎಂದರೆ ಅದನ್ನು ಬಿಡುವುದು ಯಾವ ಜಾಣತನ?

ಸುರಪುರದ ಶಿಕ್ಷಕಿ
ಕಟ್ಟಳೆಯ ಮಾತಿಗಿಂತ ಮೊದಲು ದಯವಿಟ್ಟು ನೀರಿನ ಪರೀಕ್ಷೆ ಮಾಡಿಸಿ. ನಮ್ಮ ಯಾದಗಿರಿ ಜಿಲ್ಲೆಯ ಅನುಭವ ಬಹಳ ಕಹಿಯಾದುದು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ಬೆಳಕಿಗೆ ಬಂದಾಗ ಜನ ಅದನ್ನು ಆಗಲೇ ವರ್ಷಗಟ್ಟಲೆ ಕುಡಿದಿದ್ದರು. ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ಇವು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು, ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು, 1ರೊಳಗಿದ್ದರೆ ಒಳ್ಳೆಯದು. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಬೀದರಿನ ಕಲ್ಲಿನ ಗುಣ ನಮ್ಮ ಕಡೆಯದಕ್ಕಿಂತ ಬೇರೆ ಎಂದು ಸಮಾಧಾನಪಟ್ಟು ಸುಮ್ಮನಾಗಬೇಡಿ. ಗೊಬ್ಬರದ ಚೀಲಗಳು ಬಿದ್ದಿದ್ದ ಬಾವಿ ಅದು, ನೈಟ್ರೇಟನ್ನಂತೂ ನೋಡಲೇಬೇಕು.

ಜಲ ಜೀವನ ಮಿಷನ್ನಿನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರು ಎಂದು ಪಂಚಾಯತಿಯಲ್ಲಿ ವಿಚಾರಿಸಿ. ನಮ್ಮ ಶಾಲೆಯಲ್ಲಿ ಒಮ್ಮೆ ಮಕ್ಕಳ ಎದುರಿನಲ್ಲಿಯೇ ತಿಳಿಯಾದ ನೀರನ್ನು ಆ ಕಿಟ್ಟಿನ ಸಣ್ಣ ಸೀಸೆಗೆ ತುಂಬಿಸಿ ಬೆಚ್ಚನೆಯ ಜಾಗದಲ್ಲಿಟ್ಟಿದ್ದೆವು. ಮರುದಿನ ಬಂದು ನೋಡಿದರೆ ಸೀಸೆಯೊಳಗಿನ ನೀರು ಮಸಿಯಷ್ಟು ಕಪ್ಪಾಗಿತ್ತು, ಅಂದರೆ ಅದರಲ್ಲಿ ಮಲದ ರೋಗಾಣುಗಳಿರುವ ಸಂಭವ ಹೆಚ್ಚು. ಅಂದಿನಿಂದ ಮಕ್ಕಳು ತಾವಾಗಿಯೇ ಮನೆಯಲ್ಲಿ ನೀರು ಕಾಯಿಸಿ ಆರಿಸಿ ಕೊಡಿ ಎಂದು ಕೇಳತೊಡಗಿದರು.

ಮಾಂಜ್ರಾ ದಂಡೆ
ಅಕ್ಕಾವರೇ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಫಲಿತಾಂಶ ಬರುವವರೆಗೆ ದನಗಳಿಗೆ ಮತ್ತು ಬಳಕೆಗೆ ಮಾತ್ರ ಎಂದು ಬಾವಿಯ ಬಳಿ ಬರೆದು ಹಾಕುತ್ತೇವೆ. ಅಷ್ಟರಲ್ಲಿ ಬ್ಲೀಚಿಂಗ್ ಪೌಡರ್ ಹಾಕಬಹುದೇ? ಎಷ್ಟು ಹಾಕಬೇಕು?

ನಿವೃತ್ತ ಎಂಜಿನಿಯರ್, ಕಲಬುರಗಿ
ಒಳ್ಳೆಯ ಪೌಡರ್ ಆದರೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ. ಬಾವಿ ದುಂಡಗಿದ್ದು 6 ಮೀಟರ್ ಅಗಲ, 5 ಮೀಟರ್ ನೀರು ಇದೆ ಎಂದುಕೊಳ್ಳಿ. ಅದರಲ್ಲಿ ಸುಮಾರು 1 ಲಕ್ಷ 41 ಸಾವಿರ ಲೀಟರ್ ಇರುತ್ತದೆ, ಅದಕ್ಕೆ 350 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಿ. ಸಂಜೆ ಹಾಕಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಸೇದಬಹುದು. ಬಿಸಿಲಿಗೆ ತೆರೆದಿಟ್ಟ ಹಳೆಯ ಪೌಡರ್ ಸತ್ವ ಕಳೆದುಕೊಂಡಿರುತ್ತದೆ, ಅದನ್ನು ನಂಬಬೇಡಿ. ಇದು ರೋಗಾಣುಗಳಿಗೆ ಮಾತ್ರ ಮದ್ದು, ಶಿಕ್ಷಕಿಯವರು ಹೇಳಿದ ಫ್ಲೋರೈಡ್ ಆರ್ಸೆನಿಕ್‌ಗಳಿಗಲ್ಲ.

ತೊಗರಿ ಹೊಲ (ಜೇವರ್ಗಿ)
ಇದನ್ನು ಓದಿ ಬೇರೆ ಊರಿನವರೂ ಬಾವಿಗೆ ಇಳಿಯಬಹುದಾದ್ದರಿಂದ ಒಂದು ಮಾತು. ಪಾಳುಬಾವಿಗೆ ಇಳಿಯುವ ಮೊದಲು ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುವುದು ನಮ್ಮ ಹಿರಿಯರ ಪದ್ಧತಿ. ದೀಪ ಆರಿದರೆ ಮನುಷ್ಯ ಇಳಿಯಬಾರದು.

ನಿವೃತ್ತ ಎಂಜಿನಿಯರ್, ಕಲಬುರಗಿ
ಕಂದೀಲು ಆರದಿದ್ದರೂ ಪೂರ್ತಿ ನಿಶ್ಚಿಂತೆಯಿಲ್ಲ ಎಂಬುದನ್ನು ಸೇರಿಸಬೇಕು. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ದೀಪ ಆರುತ್ತದೆ, ನಿಜ. ಆದರೆ ಡೀಸೆಲ್ ಎಂಜಿನ್ನನ್ನು ಬಾವಿಯೊಳಗೆ ಇಳಿಸಿ ನಡೆಸಿದಾಗ ಹುಟ್ಟುವ ವಿಷಾನಿಲ ದೀಪ ಉರಿಯುತ್ತಿರುವಾಗಲೇ ಮನುಷ್ಯನನ್ನು ಕೊಲ್ಲುತ್ತದೆ. ಎಂಜಿನ್ ಯಾವಾಗಲೂ ಮೇಲೆಯೇ ಇರಲಿ. ಇಳಿದವರ ಸೊಂಟಕ್ಕೆ ಹಗ್ಗವಿರಲಿ, ಒಬ್ಬರು ಬಿದ್ದರೆ ಅವರನ್ನು ಎತ್ತಲು ಇನ್ನೊಬ್ಬರು ಹಾಗೆಯೇ ಧುಮುಕದಿರಲಿ.

ಸ್ವಸಹಾಯ ಸಂಘ, ಔರಾದ್
ಇಷ್ಟು ಹೊತ್ತು ಮೋಟಾರು, ಕಾನೂನು, ಪೌಡರ್ ಎಲ್ಲ ಬಂದವು. ನೀರು ಹೊರುವವರು ಯಾರು ಎಂಬ ಮಾತು ಬರಲಿಲ್ಲ. ಬಾವಿಯ ಕಟ್ಟಳೆಯನ್ನು ಕಟ್ಟೆಯ ಮೇಲೆ ಕುಳಿತ ಗಂಡಸರು ಬರೆದರೆ ಅದರಲ್ಲಿ ಬೆಳಗಿನ 5 ಗಂಟೆಯ ಸಾಲು ಇರುವುದಿಲ್ಲ, ಬಾಣಂತಿಯ ಮನೆಗೆ ಎರಡು ಕೊಡ ಹೆಚ್ಚು ಬೇಕೆಂಬುದು ಇರುವುದಿಲ್ಲ, ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ತುಂಬಿದ ಕೊಡ ಹೊತ್ತು ಜಾರುವ ಭಯ ಇರುವುದಿಲ್ಲ. ಸಮಿತಿಯಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳಿರಲಿ, ಬಾವಿಯ ಬಾಗಿಲಿನ ಕೀಲಿಯೂ ಅವರ ಕೈಯಲ್ಲಿರಲಿ.

ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಕೇಳುತ್ತೇನೆ. ಹೂಳೆತ್ತಲು ಎಲ್ಲ ಓಣಿಯವರೂ ಬಂದಿದ್ದರು ಎಂದುಕೊಳ್ಳುತ್ತೇನೆ. ನೀರು ಸೇದಲೂ ಎಲ್ಲ ಓಣಿಯವರು ಅದೇ ಮೆಟ್ಟಿಲು ಇಳಿಯುತ್ತಾರೆಯೇ?

ಮಾಂಜ್ರಾ ದಂಡೆ
ನೀವು ಕೇಳಿದ್ದು ಒಳ್ಳೆಯದಾಯಿತು. ಬಾಯಿಬಿಟ್ಟು ಯಾರೂ ಬೇಡವೆಂದಿಲ್ಲ, ಆದರೆ ಹೊಲಗೇರಿಯ ಹೆಣ್ಣುಮಕ್ಕಳು ಇದುವರೆಗೆ ಕೊಡ ತಂದಿಲ್ಲ. ಕೇಳಿದರೆ ನಲ್ಲಿಯ ಬಳಿ ಟ್ಯಾಂಕರ್ ಬರುತ್ತದೆ ಎನ್ನುತ್ತಾರೆ.

ಸ್ವಸಹಾಯ ಸಂಘ, ಔರಾದ್
ಹಾಗಾದರೆ ಅವರು ಬಾರದಿರಲು ಕಾರಣವಿದೆ, ಅದನ್ನು ಅವರು ನಿಮಗೆ ಹೇಳುವುದಿಲ್ಲ. ಅನುಭವ ಮಂಟಪ ನಡೆದ ಕಲ್ಯಾಣ ಇರುವುದು ನಮ್ಮ ಇದೇ ಜಿಲ್ಲೆಯಲ್ಲಿ. ಬಾವಿ ಎಲ್ಲರದು ಎಂಬ ಒಂದು ಸಾಲು ಸಾಲದು. ಯಾವುದೇ ಜಾತಿಯವರು ಯಾವುದೇ ಹೊತ್ತಿನಲ್ಲಿ ಇದೇ ಮೆಟ್ಟಿಲಿನಿಂದ ಇದೇ ರಾಟೆಯಲ್ಲಿ ಸೇದಬಹುದು ಎಂದು ನಿರ್ಣಯದಲ್ಲಿ ಬಿಡಿಸಿ ಬರೆಯಿರಿ. ಮೊದಲ ದಿನ ಸಮಿತಿಯ ಹೆಣ್ಣುಮಕ್ಕಳು ಅವರ ಓಣಿಗೆ ಹೋಗಿ, ಜೊತೆಗೆ ಕರೆದುಕೊಂಡು ಬಂದು, ಒಟ್ಟಿಗೆ ಸೇದಲಿ.

ಚಿಂಚೋಳಿ ಯುವಕ
ಇದಕ್ಕೆ ನನ್ನ ಪೂರ್ಣ ಬೆಂಬಲವಿದೆ. ಮೇಲೆ ಎತ್ತಿದ ಪ್ರಶ್ನೆಗೆ ಉತ್ತರವೂ ಸಿಕ್ಕಿತು. ಒಂದು ಸಂಶಯ ಮಾತ್ರ ಉಳಿದಿದೆ: ಕೂಲಿ ಮಾಡಿ ಉಣ್ಣುವವರಿಗೆ ಶ್ರಮದಾನ ಮಾಡಿ ಎನ್ನುವುದು ಸರಿಯೇ? ನಮ್ಮ ಕಡೆಯ ಎಷ್ಟೋ ಜನ ಬೇಸಿಗೆಯಲ್ಲಿ ಹೈದರಾಬಾದ್, ಪುಣೆ, ಮುಂಬಯಿಗೆ ಗುಳೆ ಹೋಗುತ್ತಾರೆ. ಉಳಿದವರಿಗೆ ಒಂದು ದಿನದ ಕೂಲಿ ತಪ್ಪಿದರೂ ಒಲೆ ಹೊತ್ತುವುದು ಕಷ್ಟ.

ಪಂಚಾಯತಿ ಮಾಜಿ ಸದಸ್ಯೆ, ಹುಮನಾಬಾದ್
ಸರಿಯಾದ ಪ್ರಶ್ನೆ. ಗುಡ್ಡದ ಮೇಲೆ ಇಂಗುಗುಂಡಿ, ಬದು, ನಾಲಾ ತಡೆ ಮೊದಲಾದ ಕೆಲಸಗಳನ್ನು ಉದ್ಯೋಗ ಖಾತ್ರಿಯ ಕ್ರಿಯಾಯೋಜನೆಗೆ ಸೇರಿಸಿ. ಕೂಲಿಯವರಿಗೆ ಕೂಲಿ ಸಿಗಲಿ. ಟ್ರ್ಯಾಕ್ಟರ್ ಇದ್ದವರು ಟ್ರ್ಯಾಕ್ಟರ್ ಕೊಡಲಿ, ಡೀಸೆಲ್ ಕೊಡಬಲ್ಲವರು ಡೀಸೆಲ್ ಕೊಡಲಿ, ದಾಸೋಹ ಮಾಡುವವರು ಊಟ ಹಾಕಲಿ. ಬಿಟ್ಟಿ ದುಡಿಮೆಯ ಭಾರ ಬಡವರ ಮೇಲೆಯೇ ಬೀಳಬಾರದು.

ತೊಗರಿ ಹೊಲ (ಜೇವರ್ಗಿ)
ಕಬ್ಬು ಬೆಳೆಗಾರರು ಕೇಳಿದ ಪ್ರಶ್ನೆ ಹಾಗೆಯೇ ಉಳಿದಿದೆ: ಹೊಲದವನಿಗೆ ಇನ್ನೊಂದು ದಾರಿ ಯಾವುದು? ಪಕ್ಕದ ಹೊಲ ಎರೆಯದಾಗಿದ್ದರೆ ಕೃಷಿ ಹೊಂಡ ತೋಡಿಸಿ. ಎರೆ ಮಣ್ಣು ಹಸಿಯಾದ ಮೇಲೆ ಉಬ್ಬಿ ನೀರನ್ನು ಬೇಗ ಇಂಗಗೊಡುವುದಿಲ್ಲ, ಹೀಗಾಗಿ ಹೊಂಡದಲ್ಲಿ ನೀರು ನಿಲ್ಲುತ್ತದೆ. ಒಂದು ಎಕರೆಗೆ 25 ಮಿ.ಮೀ. ನೀರು ಕೊಡಲು ಸುಮಾರು 1 ಲಕ್ಷ ಲೀಟರ್ ಬೇಕು. ತೊಗರಿ ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಅಷ್ಟು ನೀರೇ ಬೆಳೆಯನ್ನು ಉಳಿಸುತ್ತದೆ. ಗುಡ್ಡದ ಕೆಂಪು ಮಣ್ಣಿನಲ್ಲಿ ಮಾತ್ರ ಅದೇ ಹೊಂಡ ನಿಲ್ಲುವುದಿಲ್ಲ, ಹಾಳೆ ಹಾಸಬೇಕು. ಹಾಸದೆ ಬಿಟ್ಟರೂ ನಷ್ಟವಿಲ್ಲ, ಇಂಗಿದ ನೀರು ನಿಮ್ಮ ಸೆಲೆಗೇ ಬರುತ್ತದೆ.

ಭಾಲ್ಕಿ ಕಬ್ಬು ಬೆಳೆಗಾರ
ಇದು ಒಪ್ಪುವ ಮಾತು. ಹೊಂಡ ತುಂಬಿರುವಾಗ ಬಾವಿಯ ಕಡೆ ನೋಡುವ ಅಗತ್ಯ ಅವನಿಗೂ ಬೀಳುವುದಿಲ್ಲ. ಆದರೆ ಹೊಂಡಕ್ಕೆ ಜಾಗ ಹೋಗುತ್ತದೆ, ಬೇಲಿ ಹಾಕದಿದ್ದರೆ ಮಕ್ಕಳು ದನಕರು ಬೀಳುವ ಅಪಾಯವಿದೆ. ಬೇಲಿಯ ಖರ್ಚನ್ನು ಊರು ಹೊರಲಿ. ಮೋಟಾರು ಬಿಡುವವನಿಗೆ ಊರು ತೋರುವ ಮರ್ಯಾದೆ ಅದು.

ಮಾಂಜ್ರಾ ದಂಡೆ
ಎಲ್ಲರಿಗೂ ಋಣಿ. ಗ್ರಾಮಸಭೆಯ ಮುಂದಿಡಲು ಹೀಗೆ ಬರೆದಿದ್ದೇನೆ, ತಿದ್ದಿರಿ: ಈ ಬಾವಿಯು ಊರಿನ ಕುಡಿಯುವ ನೀರಿನ ಮೂಲವಾಗಿದ್ದು, ಯಾವುದೇ ಜಾತಿಯ ಯಾರೇ ಆಗಲಿ ಯಾವ ಹೊತ್ತಿನಲ್ಲಾದರೂ ಇದೇ ಮೆಟ್ಟಿಲು ಮತ್ತು ರಾಟೆಯಿಂದ ನೀರು ಸೇದಬಹುದು, ಬಾವಿಗೆ ಖಾಸಗಿ ಮೋಟಾರು ಇಡತಕ್ಕದ್ದಲ್ಲ, 500 ಮೀಟರ್ ಒಳಗೆ ಅನುಮತಿಯಿಲ್ಲದೆ ಕೊಳವೆಬಾವಿ ಕೊರೆಸತಕ್ಕದ್ದಲ್ಲ, ಮೂರ್ತಿ, ಹೂಮಾಲೆ, ಕಸ ಹಾಕತಕ್ಕದ್ದಲ್ಲ, ಪಕ್ಕದ ಹೊಲದವರಿಗೆ ಕೃಷಿ ಹೊಂಡ ಮಂಜೂರು ಮಾಡಿಸಿ ಅದರ ಬೇಲಿಯನ್ನು ಊರಿನ ವಂತಿಗೆಯಿಂದ ಹಾಕಿಸತಕ್ಕದ್ದು, ಪ್ರತಿ ತಿಂಗಳು ಸೆಲೆಯ ನೀರನ್ನು ಬಕೆಟ್ಟಿನಲ್ಲಿ ಅಳೆದು ಶಾಲೆಯ ಹಲಗೆಯ ಮೇಲೆ ಬರೆಯತಕ್ಕದ್ದು, ಸಮಿತಿಯ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರತಕ್ಕದ್ದು.

ಸುರಪುರದ ಶಿಕ್ಷಕಿ
ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮೊದಲೊಮ್ಮೆ ಮತ್ತು ನಂತರ ಒಮ್ಮೆ, ನೀರಿನ ಪರೀಕ್ಷೆ ಮಾಡಿಸತಕ್ಕದ್ದು ಎಂಬುದನ್ನು ಸೇರಿಸಿ. ಫಲಿತಾಂಶವೂ ಅದೇ ಹಲಗೆಯ ಮೇಲೆ ಬರಲಿ.

ಪಂಚಾಯತಿ ಮಾಜಿ ಸದಸ್ಯೆ, ಹುಮನಾಬಾದ್
ಚೆನ್ನಾಗಿದೆ, ಆದರೆ ಸರ್ವೆ ನಂಬರ್ ಎಲ್ಲಿದೆ? ಬಾವಿ ಗಾಂವಠಾಣದಲ್ಲಿ (ಊರಿನ ವಾಸದ ಜಾಗದಲ್ಲಿ) ಇದೆಯೋ ಯಾರದೋ ಹೊಲದಲ್ಲಿದೆಯೋ ಎಂದು ಪಹಣಿ ತೆಗೆಸಿ ನೋಡಿದ್ದೀರಾ?

ಮಾಂಜ್ರಾ ದಂಡೆ
ಈಗಷ್ಟೇ ತೆಗೆಸಿದೆ. ಬಾವಿಯ ಜಾಗ ಸರ್ಕಾರದ್ದೇ ಎಂದಿದೆ. ಅಲ್ಲಿಗೆ ಹೋಗುವ ಕಾಲುದಾರಿ ಮಾತ್ರ ಮೋಟಾರು ಇಡಬೇಕೆಂದವರ ಹೊಲದ ಬದುವಿನ ಮೇಲೆ ಹಾದಿದೆ.

ಪಂಚಾಯತಿ ಮಾಜಿ ಸದಸ್ಯೆ, ಹುಮನಾಬಾದ್
ಹಾಗಿದ್ದರೆ ಹೊಂಡದ ಮಾತು ಮತ್ತು ದಾರಿಯ ಮಾತು ಎರಡನ್ನೂ ಒಟ್ಟಿಗೆ ಮುಗಿಸಿ. ಗ್ರಾಮಸಭೆಗೆ ಮೊದಲೇ ಊರಿನ ನಾಲ್ಕು ಜನ ಹಿರಿಯರು, ಸಮಿತಿಗೆ ಬರುವ ಹೆಣ್ಣುಮಕ್ಕಳನ್ನೂ ಕರೆದುಕೊಂಡು, ಆ ಹೊಲದವರ ಮನೆಗೆ ಹೋಗಿ ಕುಳಿತು ಮಾತಾಡಿ. ದಾರಿಯ ಅಗಲವನ್ನು ಅವರೇ ಹೇಳಲಿ. ಒಪ್ಪಿದ್ದನ್ನು ಬರೆಸಿ, ಅವರ ಸಹಿಯೊಂದಿಗೆ ನಿರ್ಣಯಕ್ಕೆ ಲಗತ್ತಿಸಿ.